‘ಪಾಚಿ’ ಎಂಬ ಪದ: ವೃಷಭಾವತಿ ಕಣಿವೆಯ ನೆಲೆಯಿಂದ ಒಂದು ವಿಮರ್ಶೆ

ಕನ್ನಡದ ಪರಿಸರ ಬರಹಗಳಲ್ಲಿ ‘ಪಾಚಿ’ ಎಂಬುದು ಬಹುಮಟ್ಟಿಗೆ ಕೊಳೆಯ ಪರ್ಯಾಯಪದವಾಗಿದೆ. ಬಸವನಗುಡಿಯ ಬಳಿ ಹುಟ್ಟಿ, ಕೆಂಗೇರಿಯನ್ನು ಹಾದು ಅರ್ಕಾವತಿಯನ್ನು ಸೇರುವ ವೃಷಭಾವತಿಯ ಕಣಿವೆಯನ್ನು ಕುರಿತು ಬರೆಯುವಾಗ ಈ ಸರಳೀಕರಣದ ಮಿತಿ ಸ್ಪಷ್ಟವಾಗುತ್ತದೆ. ಹೊಳೆಯ ನೊರೆಗೆ ಮಾರ್ಜಕಗಳು ಮುಖ್ಯ ಕಾರಣ. ಕೆರೆಯಲ್ಲಿ ತೇಲುವ ಅಂತರಗಂಗೆ ಹೂಬಿಡುವ ಸಸ್ಯ. ಪಾಚಿ ಇವೆರಡಕ್ಕಿಂತ ಬೇರೆ. ಅದರಲ್ಲಿಯೂ ನೀಲಿ-ಹಸಿರು ಪಾಚಿಯೆನಿಸಿಕೊಂಡದ್ದು ಬ್ಯಾಕ್ಟೀರಿಯಾ ವರ್ಗಕ್ಕೆ ಸೇರಿದುದು.

ಪಾಚಿಯ ಬೆಳವಣಿಗೆಯು ಪರಿಸರದ ಬದಲಾವಣೆಗೆ ಜೀವಿಯು ನೀಡುವ ಉತ್ತರ. ಚರಂಡಿಯ ನೀರಿನೊಡನೆ ಬರುವ ರಂಜಕ, ಸಾರಜನಕಗಳು ನಗರದ ಕೆರೆಗಳಲ್ಲಿ ಅದನ್ನು ಹುಲುಸಾಗಿ ಬೆಳೆಸುತ್ತವೆ. ರಾತ್ರಿಯ ಉಸಿರಾಟದಿಂದಲೂ ಸತ್ತ ಪಾಚಿ ಕೊಳೆಯುವುದರಿಂದಲೂ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ. 2008ರಲ್ಲಿ ಭಾರತವು ‘ಹಿಮಾದ್ರಿ’ ಸಂಶೋಧನಾ ಕೇಂದ್ರವನ್ನು ತೆರೆದ ಸ್ವಾಲ್ಬಾರ್ಡ್ ದ್ವೀಪಸಮೂಹದ ಕಾಂಗ್ಸ್‌ಫ್ಯೋರ್ಡನ್ ಕೊಲ್ಲಿಯಲ್ಲಿ ಕಂದು ಕಡಲಪಾಚಿಗಳ ಉತ್ತರವೇ ಬೇರೆ. ಮಂಜುಗಡ್ಡೆಯ ಉಜ್ಜಾಟ ತಗ್ಗಿದುದರಿಂದ ಅವು ಆಳವಿಲ್ಲದ ನೀರಿನಲ್ಲಿ ದಟ್ಟವಾಗಿವೆ. ಹಿಮನದಿಗಳು ತರುವ ಕೆಸರು ಬೆಳಕನ್ನು ತಡೆಯುವುದರಿಂದ ಆಳದ ನೆಲೆ ಕಿರಿದಾಗುತ್ತಿದೆ. ಈ ಎರಡು ಭಿನ್ನ ಉತ್ತರಗಳನ್ನು ‘ಪಾಚಿ’ ಎಂಬ ಒಂದೇ ನಿಂದಾಪದ ಹಿಡಿದಿಡಲಾರದು.

1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗಿಡಮರಗಳಿಗೆ ಹೆಸರಿನೊಡನೆ ವ್ಯಕ್ತಿತ್ವವನ್ನೂ ನೀಡಿತು. ಪಾಚಿಯ ಬಗೆಗಿನ ಬರವಣಿಗೆಗೂ ಆ ಎಚ್ಚರ ಅಗತ್ಯ. ಪಾಚಿಯೇ ರೋಗವೆಂದು ಬರೆದರೆ ಅದನ್ನು ಬಾಚಿ ತೆಗೆಯುವುದೇ ಚಿಕಿತ್ಸೆಯೆನಿಸುತ್ತದೆ. ಕೊಳಚೆಯ ಹರಿವು ಮಾತ್ರ ನಿಲ್ಲುವುದಿಲ್ಲ.