ಅಭ್ಯಾಸವೂ ಉಪಕರಣವೂ: ಹಾಕ್ನಿಯವರ ವಸಂತಚಿತ್ರಗಳನ್ನು ಕುರಿತು

ಕಾವ್ಯದ ಹುಟ್ಟಿಗೆ ಕಾರಣವೇನೆಂದು ವಿಚಾರಿಸಿದ ನಮ್ಮ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರನ್ನು ಹೆಸರಿಸಿದ್ದಾರೆ. ಮಮ್ಮಟನು ಇವನ್ನು ಮೂರು ಹೇತುಗಳೆಂದು ಎಣಿಸದೆ, ಮೂರೂ ಕೂಡಿ ಒಂದೇ ಹೇತುವಾಗುತ್ತವೆಂದು ಏಕವಚನದಲ್ಲಿ ನಿರ್ದೇಶಿಸಿದನು. ಜಗನ್ನಾಥ ಪಂಡಿತನು ಪ್ರತಿಭೆಯೊಂದೇ ಸಾಕೆಂದನು. ಪ್ರತಿಭೆಯನ್ನು ಕುರಿತು ನಡೆದಿರುವ ಚರ್ಚೆ ಅಪಾರವಾದುದು. ಅಭ್ಯಾಸದ ಪಾಲಿಗೆ ಬಂದದ್ದು ಅಲ್ಪ. ಅದು ಎಲ್ಲರಿಗೂ ತಿಳಿದ ಸಂಗತಿ, ಅದರಲ್ಲಿ ವಿಚಾರಮಾಡತಕ್ಕದ್ದೇನಿದೆ ಎಂಬ ಉದಾಸೀನವೇ ಇದಕ್ಕೆ ಕಾರಣವಿರಬೇಕು. ಆದರೆ ಕಲಾವಿದನು ಪ್ರತಿದಿನವೂ ಕೈಗೆತ್ತಿಕೊಳ್ಳುವ ಉಪಕರಣವೇ ಬದಲಾದರೆ ಅವನ ಅಭ್ಯಾಸದ ಸ್ವರೂಪವೂ ಬದಲಾಗುತ್ತದೆಯೆ? ಕಾಗದ, ಇದ್ದಲು, ಕುಂಚಗಳ ಪಕ್ಕದಲ್ಲಿ ಬೆಳಗುವ ಗಾಜಿನ ಫಲಕವೊಂದು ಬಂದು ಕುಳಿತಿರುವಾಗ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಫಲಕವನ್ನು ವಿದ್ಯಾರ್ಥಿಗಳು ಮುಟ್ಟಲೇಬಾರದೆನ್ನುವ ಅಧ್ಯಾಪಕರಿದ್ದಾರೆ. ಇದ್ದಲಿನ ಕಾಲ ಮುಗಿಯಿತೆನ್ನುವವರೂ ಇದ್ದಾರೆ. ಎರಡು ಪಕ್ಷದವರೂ ಉಪಕರಣವನ್ನು ಕುರಿತು ವಾದಿಸುತ್ತಾರೆಯೇ ಹೊರತು, ನಿತ್ಯಾಭ್ಯಾಸದಲ್ಲಿ ‘ನಿತ್ಯ’ವೆಂಬ ಮಾತಿಗೆ ಅರ್ಥವೇನೆಂದು ಕೇಳುವುದಿಲ್ಲ. ನಾವು ಅಲ್ಲಿಂದ ಆರಂಭಿಸುವುದು ಮೇಲು.

ಜಪಾನಿನ ಹೊಕುಸಾಯ್ (1760–1849) ಎಂಬತ್ತು ದಾಟಿದ ಮೇಲೆ, 1842–43ರಲ್ಲಿ, ಬೆಳಗಾದೊಡನೆ ಒಂದು ಸಿಂಹದ ಚಿತ್ರವನ್ನು ಬರೆಯುವ ವ್ರತವನ್ನು ಕೈಕೊಂಡನು. ಆ ದಿನದ ಅಮಂಗಳವನ್ನು ಓಡಿಸುವುದಕ್ಕೆ ಅದು ರಕ್ಷೆ. ಇನ್ನೂರಕ್ಕೂ ಹೆಚ್ಚು ಹಾಳೆಗಳು ಉಳಿದುಬಂದಿವೆ. ಕುಂಚ, ಮಸಿ, ಒಂದು ತುಂಡು ಕಾಗದ. ಸಿಂಹವೋ ಕುಣಿಯುತ್ತದೆ, ಮೈಮುರಿಯುತ್ತದೆ, ಕೆಲವೊಮ್ಮೆ ಮನುಷ್ಯನ ವೇಷವನ್ನೂ ತಾಳುತ್ತದೆ. ಇಲ್ಲಿ ವಸ್ತು ಒಂದೇ, ಕೈಯ ಆ ದಿನದ ಸ್ಥಿತಿ ಮಾತ್ರ ಬೇರೆ. ಇದಕ್ಕೆ ಎದುರಾಗಿ ಅಮೆರಿಕದ ಮೈಕ್ ವಿಂಕಲ್‌ಮನ್ ಅವರ ಉದ್ಯಮವನ್ನು ಇಟ್ಟು ನೋಡಬಹುದು. ಬೀಪಲ್ ಎಂಬ ಹೆಸರಿನಲ್ಲಿ ಖ್ಯಾತರಾದ ಇವರು 2007ರ ಮೇ 1ರಿಂದ ದಿನಕ್ಕೊಂದು ಚಿತ್ರದಂತೆ ಮಾಡುತ್ತ ಬಂದರು. ಮೊದಲಲ್ಲಿ ಕೈಯಿಂದ ಬರೆದವು. ಅನಂತರ ಗಣಕಯಂತ್ರದಲ್ಲಿ ರಚಿಸಿದವು. ಮೊದಲ 5000 ದಿನಗಳ ಚಿತ್ರಗಳನ್ನು ಒಂದೇ ಚೌಕದಲ್ಲಿ ಜೋಡಿಸಿದ ಡಿಜಿಟಲ್ ಕೃತಿ 2021ರ ಮಾರ್ಚಿಯಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 6 ಕೋಟಿ 93 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಛಲದ ಮಟ್ಟಿಗೆ ಇದು ಅಸಾಧಾರಣವಾದುದೆಂಬುದನ್ನು ಒಪ್ಪದಿರಲಾಗದು. ಆದರೆ ಆ ಚೌಕದಲ್ಲಿ ದಿನವೆಂಬುದು ಎಣಿಕೆಯ ಮಣಿ. ಸಾವಿರದ ಚಿತ್ರ ಎರಡು ಸಾವಿರದ ಸ್ಥಾನಕ್ಕೆ ಹೋದರೆ ನೋಡುವವನಿಗೆ ನಷ್ಟವೇನೂ ತೋರದು.

ದಿನವು ಎಣಿಕೆಯಾಗಬಹುದು, ಕೈಯ ಪರೀಕ್ಷೆಯಾಗಬಹುದು. ಇವೆರಡೂ ಅಲ್ಲದೆ, ದಿನವೇ ಚಿತ್ರದ ವಸ್ತುವೂ ಆಗಬಹುದು. ಈ ಮೂರನೆಯ ಬಗೆಗೆ ಡೇವಿಡ್ ಹಾಕ್ನಿಯವರ ವಸಂತಚಿತ್ರಗಳು ನಮಗೆ ಗೊತ್ತಿರುವ ಉತ್ತಮ ನಿದರ್ಶನ. ಅದೇ ಕಲಾವಿದರು ಅದೇ ದಾರಿಯ ವಸಂತವನ್ನು ಒಮ್ಮೆ ಗಾಜಿನ ಮೇಲೆ, ಒಮ್ಮೆ ಕಾಗದದ ಮೇಲೆ ಬರೆದಿರುವುದರಿಂದ ಉಪಕರಣದ ಪ್ರಶ್ನೆಯನ್ನೂ ಇಲ್ಲಿಯೇ ಪರೀಕ್ಷಿಸಬಹುದಾಗಿದೆ.

ಹಾಕ್ನಿ 1937ರಲ್ಲಿ ಯಾರ್ಕ್‌ಷೈರಿನ ಬ್ರ್ಯಾಡ್‌ಫರ್ಡಿನಲ್ಲಿ ಹುಟ್ಟಿದವರು. ಕ್ಯಾಲಿಫೋರ್ನಿಯದ ಬಿಸಿಲನ್ನೂ ಈಜುಕೊಳಗಳನ್ನೂ ಚಿತ್ರಿಸಿ ಪ್ರಸಿದ್ಧರಾದರು. ಅಂಗಿಯ ಒಳಜೇಬನ್ನು ಚಿತ್ರಪುಸ್ತಕ ಹಿಡಿಸುವಷ್ಟು ದೊಡ್ಡದಾಗಿ ಹೊಲಿಸಿಕೊಳ್ಳುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಮುಂದೆ ಐಪ್ಯಾಡು ಬಂದು ನೆಲಸಿದ್ದು ಅದೇ ಜೇಬಿನಲ್ಲಿ. ಐಪ್ಯಾಡಿಗಿಂತ ಮೊದಲೇ, 2009ರ ಹೊತ್ತಿಗೆ, ಬ್ರಿಡ್ಲಿಂಗ್ಟನ್ ಎಂಬ ಕಡಲತೀರದ ಊರಿನಲ್ಲಿ, ಹಾಸಿಗೆಯ ಮೇಲಿನಿಂದಲೇ ಕಿಟಕಿಯಾಚೆಯ ಅರುಣೋದಯವನ್ನು ಐಫೋನಿನ ಮೇಲೆ ಹೆಬ್ಬೆರಳಿನಿಂದ ಬರೆದು ಗೆಳೆಯರಿಗೆ ಕಳುಹಿಸುತ್ತಿದ್ದರು. ಇದನ್ನು ವಿನೋದವೆಂದು ತಳ್ಳಿಹಾಕಬಾರದು. ಕತ್ತಲೆಯಲ್ಲಿ ಕಾಗದದ ಮೇಲೆ ಬಣ್ಣ ಹಾಕಬೇಕಾದರೆ ದೀಪ ಹಚ್ಚಬೇಕು. ದೀಪ ಹಚ್ಚಿದರೆ ಕಿಟಕಿಯಾಚೆಯ ನಸುಗೆಂಪು ಕಣ್ಣಿಗೆ ಮಂಕಾಗುತ್ತದೆ. ತಾನೇ ಬೆಳಗುವ ಫಲಕಕ್ಕೆ ಈ ತೊಡಕಿಲ್ಲ. ಸೂರ್ಯೋದಯಕ್ಕೆ ಮುಂಚಿನ ಆ ಸ್ವಲ್ಪಕಾಲವನ್ನು ಅದರ ಬಣ್ಣದಲ್ಲಿಯೇ, ನೋಡುತ್ತಿರುವಾಗಲೇ ಹಿಡಿಯುವುದು ಈ ಉಪಕರಣದಿಂದ ಸುಲಭವಾಯಿತು. ಹೊಸ ಸಾಮಗ್ರಿಯೊಂದು ಕಲೆಗೆ ಹೊಸ ವಸ್ತುವನ್ನು ತಂದುಕೊಟ್ಟಿತೆಂದು ಹೇಳಲು ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ.

2011ರಲ್ಲಿ ಹಾಕ್ನಿ ಬ್ರಿಡ್ಲಿಂಗ್ಟನ್ ಸಮೀಪದ ವೋಲ್ಡ್‌ಗೇಟ್ ಎಂಬ ಹಳೆಯ ದಾರಿಯಲ್ಲಿ ಚಳಿಗಾಲದಿಂದ ಬೇಸಗೆಯ ಹೊಸ್ತಿಲವರೆಗೆ ವಸಂತದ ಆಗಮನವನ್ನು ಹಿಂಬಾಲಿಸಿದರು. ಐಪ್ಯಾಡಿನಲ್ಲಿ ಬರೆದು ಕಾಗದದ ಮೇಲೆ ಮುದ್ರಿಸಿದ 51 ಚಿತ್ರಗಳು, 32 ಕ್ಯಾನ್ವಾಸುಗಳನ್ನು ಜೋಡಿಸಿದ ಒಂದು ಬೃಹತ್ ತೈಲಚಿತ್ರ, ಇವೆಲ್ಲ ಸೇರಿ ಒಂದೇ ಕೃತಿ. 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಅದು ಪ್ರದರ್ಶಿತವಾಯಿತು. ಈ ಚಿತ್ರಗಳ ಹೆಸರಿನಲ್ಲಿಯೇ ದಿನಾಂಕ ಸೇರಿದೆ. ಅದು ಅಲಂಕಾರಕ್ಕಾಗಿ ಬಂದುದಲ್ಲ. ಉತ್ತರದ ಆ ದೇಶದಲ್ಲಿ ವಸಂತವೆಂಬುದು ನಮ್ಮ ಯುಗಾದಿಯ ಮಾವಿನ ಚಿಗುರಿನಂತೆ ಬಿಸಿಲಿನ ನಡುವೆ ಬರುವಂಥದಲ್ಲ. ತಿಂಗಳುಗಟ್ಟಲೆ ಬೆತ್ತಲೆ ನಿಂತ ಮರಗಳ ಬುಡದಲ್ಲಿ ಮೊದಲು ಹುಲ್ಲು, ಆಮೇಲೆ ಪೊದೆ, ಕೊನೆಗೆ ಮರದ ತುದಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಬರುತ್ತದೆ. ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸವನ್ನು ಕಾಣಬಲ್ಲವನಿಗೆ ಮಾತ್ರ ಅದು ವಸ್ತುವಾದೀತು. ತೈಲವರ್ಣ ಒಣಗಬೇಕು. ಜಲವರ್ಣದಲ್ಲಿ ಗಾಢವಾದ ಬಣ್ಣದ ಮೇಲೆ ತಿಳಿಬಣ್ಣವನ್ನು ಹಾಕುವುದು ಕಷ್ಟ. ಫಲಕದ ಮೇಲೆ ಈ ಕಟ್ಟುಗಳಾವುವೂ ಇಲ್ಲದುದರಿಂದ ಒಂದು ಮಳೆಗೂ ಇನ್ನೊಂದು ಮಳೆಗೂ ನಡುವಿನ ಬೆಳಕನ್ನು ಅವರು ನೇರವಾಗಿ ಬರೆಯಬಲ್ಲವರಾದರು.

ಇಷ್ಟು ಗುಣವನ್ನು ಒಪ್ಪಿದ ಮೇಲೆ ದೋಷವನ್ನೂ ಹೇಳಬೇಕು. ಸಣ್ಣ ಗಾಜಿನ ಮೇಲೆ ಆಡಿದ ಬೆರಳಿನ ಗೆರೆಯನ್ನು ಗೋಡೆ ತುಂಬುವಷ್ಟು ಹಿಗ್ಗಿಸಿದಾಗ ಗೆರೆಗೂ ಕೈಗೂ ಇರುವ ಪ್ರಮಾಣಸಂಬಂಧ ಕಡಿದುಹೋಗುತ್ತದೆ. ದೂರದಿಂದ ನೋಡಿದರೆ ಎಲೆಗಳು. ಹತ್ತಿರ ಹೋದರೆ ಒಂದೇ ಅಚ್ಚಿನ ಚುಕ್ಕೆಗಳು. ತೈಲಚಿತ್ರದಲ್ಲಿ ಹತ್ತಿರ ಹೋದಷ್ಟೂ ಕುಂಚದ ಚಲನೆ ಕಾಣುತ್ತದೆ. ಇಲ್ಲಿ ಹತ್ತಿರ ಹೋದಷ್ಟೂ ಯಂತ್ರ ಕಾಣುತ್ತದೆ. ಹಸಿರಿನ ಕೆಲವು ಛಾಯೆಗಳು ಆ ಮರಗಳದೋ ಫಲಕದ್ದೋ ಎಂಬ ಸಂದೇಹವೂ ನಮಗೆ ಉಳಿದೇ ಇದೆ.

ಇದಕ್ಕೆ ಉತ್ತರವನ್ನು ಕೊಟ್ಟವರು ವಿಮರ್ಶಕರಲ್ಲ, ಸ್ವತಃ ಹಾಕ್ನಿಯವರೇ. 2013ರಲ್ಲಿ ಅವರು ಅದೇ ದಾರಿಗೆ ಮರಳಿ, ಅದೇ ವಸಂತಾಗಮನವನ್ನು ಬರಿಯ ಇದ್ದಲಿನಿಂದ 25 ಹಾಳೆಗಳಲ್ಲಿ ಬರೆದರು. ಐದು ಸ್ಥಳಗಳು, ಒಂದೊಂದು ಸ್ಥಳಕ್ಕೆ ಐದು ಚಿತ್ರಗಳು. ಬಣ್ಣವನ್ನು ಬಣ್ಣದ ಹಬ್ಬದಲ್ಲಿಯೇ ತ್ಯಜಿಸುವುದು ಮೇಲುನೋಟಕ್ಕೆ ಹಟವೆಂದು ತೋರಬಹುದು. ಆದರೆ ಹಾಳೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ ಅದರ ಪ್ರಯೋಜನ ಗೊತ್ತಾಗುತ್ತದೆ. ಹಸಿರು ಕೈಗೆ ಸಿಕ್ಕದಿದ್ದಾಗ ವಸಂತವನ್ನು ತೋರಿಸುವ ದಾರಿ ಒಂದೇ: ನೆರಳು. ಎಲೆಯಿಲ್ಲದ ಮರ ದಾರಿಯ ಮೇಲೆ ಗೆರೆಗೆರೆಯಾದ ನೆರಳನ್ನು ಚೆಲ್ಲುತ್ತದೆ. ಚಿಗುರು ಮೂಡಿದಂತೆ ಗೆರೆಗಳು ಒಡೆದು ಚುಕ್ಕೆಗಳಾಗುತ್ತವೆ. ಎಲೆ ತುಂಬಿದ ಮೇಲೆ ನೆರಳು ಹಾಸಿಕೊಳ್ಳುತ್ತದೆ. 2011ರ ಚಿತ್ರಗಳಲ್ಲಿ ಬಣ್ಣ ಹೇಳಿಬಿಟ್ಟಿದ್ದ ಮಾತನ್ನು 2013ರಲ್ಲಿ ಕಣ್ಣು ದುಡಿದು ಸಂಪಾದಿಸಬೇಕಾಯಿತು. ನಮ್ಮ ದೃಷ್ಟಿಯಲ್ಲಿ ಈ 25 ಹಾಳೆಗಳೇ ಶ್ರೇಷ್ಠ. ಆ ಬೃಹತ್ ತೈಲಚಿತ್ರವೂ ಇವುಗಳ ಮುಂದೆ ಗದ್ದಲದ್ದೆನಿಸುತ್ತದೆ.

ಹಾಗೆಂದು ಇದ್ದಲು ಗೆದ್ದಿತು, ಫಲಕ ಸೋತಿತು ಎಂದು ತೀರ್ಮಾನಿಸುವುದು ಅವಸರವಾದೀತು. 2013ರ ಕಣ್ಣು 2011ರಲ್ಲಿ ಪಳಗಿದ ಕಣ್ಣು. ಯಾವ ತಿರುವಿನಲ್ಲಿ ಯಾವ ಗಿಡ ಮೊದಲು ಚಿಗುರುತ್ತದೆ, ಬೆಳಕು ಎಷ್ಟು ಹೊತ್ತಿಗೆ ದಾರಿಯನ್ನು ದಾಟುತ್ತದೆ ಎಂಬುದನ್ನು ಫಲಕದ ಮೇಲಿನ ತಿಂಗಳುಗಳ ಅಭ್ಯಾಸ ಅವರಿಗೆ ಕಲಿಸಿತ್ತು. ಇದ್ದಲು ಆ ಕಲಿಕೆಯನ್ನು ಸೋಸಿತು. ಎರಡು ಸಾಮಗ್ರಿಗಳನ್ನು ಬದಲಿಸಿ ಬದಲಿಸಿ ಹಿಡಿಯುವ ಕಲಾವಿದನಿಗೆ ಒಂದರ ಸೌಕರ್ಯ ಇನ್ನೊಂದರ ಪ್ರತಿರೋಧವನ್ನು ಫಲವತ್ತಾಗಿ ಮಾಡುತ್ತದೆ. ಬರಿಯ ಸೌಕರ್ಯದಲ್ಲಿ ಬೆಳೆದವನ ಗತಿ ಬೇರೆ.

ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದು ಇಲ್ಲಿದೆ. ಇದ್ದಲಿನ ಗೆರೆಯನ್ನು ಅಳಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಮಸುಕಾದ ಕಲೆಯಾಗಿ ಕಾಗದದ ಮೇಲೆ ನಿಲ್ಲುತ್ತದೆ. ಎರಡನೆಯ ಗೆರೆಯನ್ನು ಎಳೆಯುವಾಗ ಮೊದಲನೆಯದರ ಪ್ರೇತ ಕಣ್ಣೆದುರಿಗೇ ಇರುತ್ತದೆ. ಫಲಕದಲ್ಲಿ ಒಂದು ಸ್ಪರ್ಶಕ್ಕೆ ತಪ್ಪು ಹುಟ್ಟೇ ಇರಲಿಲ್ಲವೆಂಬಂತೆ ಮಾಯವಾಗುತ್ತದೆ. ಹಾಕ್ನಿ ಬಳಸಿದ ಬ್ರಷಸ್ ಎಂಬ ತಂತ್ರಾಂಶದಲ್ಲಿ ಚಿತ್ರ ಬೆಳೆದ ಕ್ರಮವನ್ನು ಗೆರೆಗೆರೆಯಾಗಿ ಮತ್ತೆ ಓಡಿಸಿ ನೋಡುವ ಅನುಕೂಲವಿತ್ತೆಂಬುದು ನಿಜ. ತಾವು ಬರೆಯುವುದನ್ನು ತಾವೇ ಹಾಗೆ ನೋಡಿ ಅವರು ಬೆರಗಾದರು. ಆದರೆ ಅದು ಕೆಲಸ ಮುಗಿದ ಮೇಲಿನ ನೋಟ. ಕಾಗದದ ಕಲೆ ಕೆಲಸ ನಡೆಯುತ್ತಿರುವಾಗಲೇ ಕೈಯನ್ನು ತಿದ್ದುತ್ತದೆ. ಅರ್ಧ ಶತಮಾನ ಕಾಗದದ ಮೇಲೆ ಬರೆದು ಬಂದ ಹಾಕ್ನಿಯವರ ಕೈಗೆ ಆ ತಿದ್ದುವಿಕೆ ಮೈಗೂಡಿತ್ತು. ಆದುದರಿಂದ ಗಾಜಿನ ಮೇಲೂ ಅವರ ಗೆರೆ ಹೊಣೆ ಹೊತ್ತು ನಡೆಯಿತು. ಹದಿನೆಂಟರ ವಿದ್ಯಾರ್ಥಿ ಅವರನ್ನು ತೋರಿಸಿ ತನ್ನ ಫಲಕವನ್ನು ಸಮರ್ಥಿಸಿಕೊಂಡರೆ ಆ ವಾದದ ಪೂರ್ವಾರ್ಧವೇ ಬಿಟ್ಟುಹೋದಂತಾಗುತ್ತದೆ. (ಪ್ರತಿದಿನವೂ ಒಂದು ಚಿತ್ರವನ್ನು ಮುಗಿಸಿ ಎಲ್ಲರಿಗೂ ತೋರಿಸಲೇಬೇಕೆಂಬ ಇಂದಿನ ರೂಢಿ ಈ ಕಷ್ಟವನ್ನು ಹೆಚ್ಚಿಸಿದೆ. ಸಂಗೀತದ ಸಾಧಕನು ಸಾಧನೆಯನ್ನು ಕಚೇರಿಯೆಂದು ತಿಳಿಯುವುದಿಲ್ಲ.)

ಪ್ರತಿರೋಧವಿಲ್ಲದ ಕಡೆ ಹಾಕ್ನಿಯವರಂಥವರೂ ಸಡಿಲವಾಗುತ್ತಾರೆಂಬುದಕ್ಕೆ ನಿದರ್ಶನ 2020ರ ಚಿತ್ರಗಳು. 2019ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ನೆಲಸಿದ ಅವರು, ಮುಂದಿನ ವಸಂತದಲ್ಲಿ ಸಾಂಕ್ರಾಮಿಕದಿಂದ ಲೋಕವೇ ಬಾಗಿಲು ಹಾಕಿಕೊಂಡಿದ್ದಾಗ ತಮ್ಮ ಮನೆಯ ಸುತ್ತಣ ತೋಟವನ್ನು ಐಪ್ಯಾಡಿನಲ್ಲಿ ದಿನದಿನವೂ ಬರೆದರು. 116 ಚಿತ್ರಗಳು 2021ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾದುವು. ಹೊರಗೆ ಹೋಗಲಾರದ ಜನಕ್ಕೆ ಅವು ತಂದ ಸಂತೋಷವನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಸೇಬಿನ ಹೂವಿನ ಕೆಲವು ಚಿತ್ರಗಳಲ್ಲಿ ಹಳೆಯ ಚುರುಕು ಇದೆ. ಆದರೂ ಒಟ್ಟಿನಲ್ಲಿ ಹುಲ್ಲಿಗೆ ಒಂದು ಗೀರು, ಎಲೆಗೆ ಒಂದು ಚುಕ್ಕೆ, ಮೋಡಕ್ಕೆ ಒಂದು ಸುರುಳಿ ಎಂಬ ಸಂಕೇತಗಳು ಸಿದ್ಧವಾಗಿ ನಿಂತಿರುವಂತೆ ಕಾಣುತ್ತದೆ. 2013ರ ನೆರಳು ಹುಡುಕಿ ಪಡೆದದ್ದು. ಈ ಗೀರುಗಳು ಕೈಗೆ ಮೊದಲೇ ಗೊತ್ತಿದ್ದವು.

ಅದೇ ನಾರ್ಮಂಡಿಯ ಚಿತ್ರಗಳಿಂದ ಬೆಳೆದ ‘ನಾರ್ಮಂಡಿಯಲ್ಲಿ ಒಂದು ವರ್ಷ’ ಎಂಬ 90 ಮೀಟರಿನಷ್ಟು ಉದ್ದದ ಪಟ್ಟಿಕೆಯನ್ನು 2021ರ ಅಕ್ಟೋಬರಿನಿಂದ ಪ್ಯಾರಿಸಿನ ಒರಾಂಜೆರಿ ಸಂಗ್ರಹಾಲಯದಲ್ಲಿ ತೋರಿಸಿದರು. ಹತ್ತಿರದಲ್ಲಿಯೇ ಇರುವ ಬಾಯೂ ಪಟ್ಟಣದ ಸುಮಾರು 70 ಮೀಟರಿನ ಕಸೂತಿಪಟ ಅದಕ್ಕೆ ಪ್ರೇರಣೆ. ಬಾಯೂ ಪಟದಲ್ಲಿ ಹಡಗು, ಕುದುರೆ, ಕಾಳಗಗಳ ಕಥೆ ನೋಡುವವನನ್ನು ಮುಂದಕ್ಕೆ ಎಳೆಯುತ್ತದೆ. ಹಾಕ್ನಿಯವರ ಪಟ್ಟಿಕೆಯಲ್ಲಿ ಎಳೆಯುವುದು ಋತು ಮಾತ್ರ. ಬೇರೆ ಬೇರೆ ದಿನಗಳಲ್ಲಿ ಕಂಡದ್ದು ಇಲ್ಲಿ ಬೆಸೆದುಕೊಂಡಿದೆ, ದಿನಾಂಕ ಕಳಚಿದೆ. ಮಳೆ ಎಲ್ಲಿ ನಿಂತು ಮಂಜು ಎಲ್ಲಿ ಆರಂಭವಾಯಿತೆಂದು ಬೆರಳಿಟ್ಟು ತೋರಿಸಲಾಗದು. ವೋಲ್ಡ್‌ಗೇಟಿನ ಹಾಳೆಗಳ ನಡುವೆ ಗೋಡೆಯ ಬಿಳಿ ಜಾಗವಿತ್ತು, ಚಿತ್ರಕಾರನು ಚಿಗುರಿಗಾಗಿ ಕಾದ ದಿನಗಳು ಅಲ್ಲಿದ್ದುವು. ಈ ಪಟ್ಟಿಕೆಯಲ್ಲಿ ಆ ಬಿಳಿ ಜಾಗಕ್ಕೆ ಎಡೆಯಿಲ್ಲ.