ಯಶೋಧರನ ಮೌನ: ಜನ್ನಕವಿಯ ಕಾವ್ಯದಲ್ಲಿ ಮದ ಮತ್ತು ದಾಂಪತ್ಯ

ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯು ಹಿಂಸೆಯ ದುಷ್ಫಲವನ್ನು ಬೋಧಿಸುವ ಕಾವ್ಯವೆಂದು ಶ್ರಾವಕರ ಮನೆಗಳಲ್ಲಿ ಪ್ರಸಿದ್ಧವಾಗಿದೆ. ಆದರೆ ಅದರೊಳಗಿನ ದಾಂಪತ್ಯದ ಕಥೆಯನ್ನು ಹೇಳುವಾಗ ದೋಷವನ್ನೆಲ್ಲ ರಾಣಿ ಅಮೃತಮತಿಯ ಮೇಲೂ, ಆಕೆ ಮೆಚ್ಚಿದ ಮಾವುತನ ಹೀನಕುಲದ ಮೇಲೂ ಹೊರಿಸುವುದುಂಟು. ಈ ತೀರ್ಪು ಅರ್ಧಸತ್ಯವಷ್ಟೆ.

ಇರುಳಿನಲ್ಲಿ ಕೇಳಿಬಂದ ಗಾನಕ್ಕೆ ರಾಣಿ ಮನಸೋಲುತ್ತಾಳೆ. ಹಾಡಿದ ಅಷ್ಟಾವಂಕನು ವಿಕಾರರೂಪಿಯೆಂದು ಸಖಿ ತಿಳಿಸಿದರೂ ಹಿಂಜರಿಯುವುದಿಲ್ಲ. ಇಲ್ಲಿ ಕುಲರೂಪಗಳನ್ನು ಲೆಕ್ಕಿಸದಿದ್ದುದು ಆಕೆಯ ಅಪರಾಧವಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎಣಿಸಿದ 8 ಮದಗಳಲ್ಲಿ ಕುಲಮದ, ಜಾತಿಮದ, ಶರೀರಮದಗಳೂ ಸೇರಿವೆ. ಚಂಡಾಲಕುಲದಲ್ಲಿ ಜನಿಸಿದವನೂ ಸಮ್ಯಗ್ದರ್ಶನವುಳ್ಳವನಾದರೆ ದೇವಸಮಾನನೆಂಬುದು ಅವರದೇ ಮಾತು. ರಾಣಿಯ ಅಪರಾಧವು ವಂಚನೆ ಮತ್ತು ಕೊಲೆ: ಪತಿಯೆದುರು ಪ್ರೇಮವನ್ನು ನಟಿಸಿ, ಕಡೆಗೆ ಅವನಿಗೂ ಅತ್ತೆಗೂ ವಿಷವಿಕ್ಕಿದುದು.

ಇನ್ನು ಅರಸನ ನಡೆ. ಹಿಂಬಾಲಿಸಿ ಹೋಗಿ ಎಲ್ಲವನ್ನೂ ಕಣ್ಣಾರೆ ಕಂಡ ಯಶೋಧರನು ಎತ್ತಿದ ಕತ್ತಿಯನ್ನು ತಡೆದುಕೊಂಡುದು ಸ್ತುತ್ಯವೇ. ಆದರೆ ಕೈ ತಡೆದರೂ ಮಾನಕಷಾಯವು ಅಡಗಲಿಲ್ಲ. ಮಡದಿಯನ್ನು ಹೂವಿನಿಂದ ಹೊಡೆದು ಚುಚ್ಚುಮಾತನ್ನಾಡಿದನೇ ಹೊರತು ನೇರವಾಗಿ ಪ್ರಶ್ನಿಸಲಿಲ್ಲ. ತಾಯಿ ಚಂದ್ರಮತಿ ಚಿಂತೆಯ ಕಾರಣವನ್ನು ಕೇಳಿದಾಗ ಕೆಟ್ಟ ಕನಸಿನ ನೆವವನ್ನು ಹೇಳಿದನು. ಕನಸಿನ ಶಾಂತಿಗಾಗಿ ಆಕೆ ಬಲಿಯನ್ನು ಬಯಸಿದಳು. ಜೀವವಧೆಗೆ ಒಪ್ಪದ ಅರಸನು ಹಿಟ್ಟಿನ ಕೋಳಿಗೆ ಒಪ್ಪಿದನು. ಆ ಸಂಕಲ್ಪಹಿಂಸೆಯ ಫಲವಾಗಿ ಮಗ ನವಿಲಾಗಿಯೂ ತಾಯಿ ನಾಯಿಯಾಗಿಯೂ ಹುಟ್ಟಿ, ಮುಂದೆ ಹಲವು ಜನ್ಮಗಳಲ್ಲಿ ತೊಳಲಬೇಕಾಯಿತು. ಹಿಟ್ಟಿನ ಕೋಳಿಗಿಂತ ಮೊದಲು ಸುಳ್ಳೊಂದಿತ್ತು, ಆ ಸುಳ್ಳಿಗಿಂತ ಮೊದಲು ಅಭಿಮಾನವಿತ್ತು ಎಂಬುದನ್ನು ಓದುಗರು ಗಮನಿಸಬೇಕು.

ಸುಮಾರು 1604ರಲ್ಲಿ ಶೇಕ್ಸ್‌ಪಿಯರನು ಬರೆದ ‘ಒಥೆಲೊ’ ನಾಟಕದಲ್ಲಿ ಸನ್ನಿವೇಶ ತಿರುವುಮುರುವಾಗಿದೆ. ಕಪ್ಪುವರ್ಣದ ಸೇನಾನಿಯೇ ಅಲ್ಲಿ ಪತಿ. ಪತ್ನಿ ಡೆಸ್ಡಿಮೋನಾ ನಿರ್ದೋಷಿ. ವರ್ಣದ ಕೀಳರಿಮೆಯನ್ನು ಕೆರಳಿಸಿದ ಇಯಾಗೊವಿನ ಮಾತನ್ನು ನಂಬಿದ ಪತಿ, ಪತ್ನಿಯ ಮಾತನ್ನು ನಂಬದೆ ಆಕೆಯನ್ನು ಕೊಲ್ಲುತ್ತಾನೆ. ಒಬ್ಬ ಕೊಂದನು, ಇನ್ನೊಬ್ಬ ಕೊಲ್ಲಲಿಲ್ಲ; ಆದರೂ ಮಾನಭಂಗದ ಭಯವು ಸತ್ಯಕ್ಕೆ ಅಡ್ಡಬಂದುದು ಇಬ್ಬರಲ್ಲಿಯೂ ಸಮಾನ.

ದಂಪತಿಗಳಲ್ಲಿ ವಿರಸ ಹುಟ್ಟಿದಾಗ ಮನೆತನದ ಮರ್ಯಾದೆಗಾಗಿ ಅದನ್ನು ಮುಚ್ಚಿಡುವಂತೆ ಹಿರಿಯರು ಹೇಳುವುದು ಇಂದಿಗೂ ಉಂಟು. ಅಂತಹ ಮನೆಗಳಲ್ಲಿ ಈ ಕಾವ್ಯವನ್ನು ಓದುವಾಗ, ಅಮೃತಮತಿಯನ್ನು ನಿಂದಿಸಿ ಪುಸ್ತಕವನ್ನು ಮುಚ್ಚದೆ, ಯಶೋಧರನು ತಾಯಿಗೆ ನಿಜವನ್ನೇ ಹೇಳಿದ್ದರೆ ಏನಾಗುತ್ತಿತ್ತೆಂದು ಮಕ್ಕಳೊಡನೆ ವಿಚಾರಿಸುವುದು ಉಚಿತ.