ಸುಲ್ತಾನನೂ ಇಲ್ಲದ, ಗಣಪತಿಯೂ ಇಲ್ಲದ ಬತ್ತೇರಿ: ಒಂದು ಹೆಸರಿನ ರಾಜಕೀಯ ಮತ್ತು ವಯನಾಡಿನ ಜನಾಭಿಪ್ರಾಯ

ನನ್ನ ಧ್ವನಿ ಕೇಳಿಸ್ತಿದೆ ಅಂದುಕೊಳ್ತೇನೆ. ನಮ್ಮ ಕಡೆ ಮಳೆ, ಕರೆಂಟು ಯಾವಾಗ ಹೋಗತ್ತೋ ಗೊತ್ತಿಲ್ಲ, ಹಾಗಾಗಿ ಪೀಠಿಕೆ ಬಿಟ್ಟು ವಿಷಯಕ್ಕೇ ಬರ್ತೇನೆ.

ಈ ಗೋಷ್ಠಿಯಲ್ಲಿ ನನಗೆ ಕೊಟ್ಟಿರುವ ವಿಷಯ ‘ಸಮಕಾಲೀನ ರಾಜಕೀಯ ಕಥನ ಮತ್ತು ಜನಾಭಿಪ್ರಾಯ’. ನಾನು ಆರಿಸಿಕೊಂಡಿರೋದು ಒಂದೇ ಒಂದು ಹೇಳಿಕೆ. 2024ರ ಏಪ್ರಿಲ್‌ನಲ್ಲಿ ಆಗಿನ ಕೇರಳ ಬಿಜೆಪಿ ರಾಜ್ಯಾಧ್ಯಕ್ಷ, ವಯನಾಡು ಲೋಕಸಭಾ ಅಭ್ಯರ್ಥಿ ಕೆ. ಸುರೇಂದ್ರನ್, ತಾನು ಗೆದ್ದರೆ ಸುಲ್ತಾನ್ ಬತ್ತೇರಿಯ ಹೆಸರನ್ನು ‘ಗಣಪತಿವಟ್ಟಂ’ ಎಂದು ಬದಲಿಸುವ ಮಾತಾಡಿದರು. ಟಿಪ್ಪು ಆಕ್ರಮಣಕಾರ, ಅವನ ನೆನಪಿನ ಹೆಸರು ಊರಿಗೆ ಯಾಕೆ ಅನ್ನೋದು ಅವರ ವಾದ. ಎರಡು ಮೂರು ದಿನ ಮಲಯಾಳಂ ಚಾನೆಲ್‌ಗಳಲ್ಲಿ ಅದೇ ಸುದ್ದಿ. ಕನ್ನಡದ ಓದುಗರಿಗೆ ಇದು ದೂರದ ವಿಷಯ ಅನ್ನಿಸಬಹುದು. ಆದರೆ ಸುರೇಂದ್ರನ್ ಕನ್ನಡಿಗರಿಗೆ ಅಪರಿಚಿತರಲ್ಲ. 2016ರಲ್ಲಿ ಮಂಜೇಶ್ವರದಲ್ಲಿ ಕೇವಲ 89 ಮತಗಳಿಂದ, 2021ರಲ್ಲಿ ಅದೇ ಕ್ಷೇತ್ರದಲ್ಲಿ 745 ಮತಗಳಿಂದ ಸೋತವರು ಅವರೇ. ಗಡಿನಾಡಿನ ಕನ್ನಡ-ತುಳು ಮನೆಗಳಲ್ಲಿ ಅವರ ಹೆಸರು ಎಷ್ಟು ಸಲ ಕೇಳಿಬಂದಿದೆಯೋ, ಕೇರಳದ ಬೇರೆ ಯಾವ ಬಿಜೆಪಿ ನಾಯಕರ ಹೆಸರೂ ಅಷ್ಟು ಕೇಳಿಬಂದಿರಲಿಕ್ಕಿಲ್ಲ. 2018ರ ಶಬರಿಮಲೆ ಚಳವಳಿಯಲ್ಲಿ ಬಂಧನಕ್ಕೊಳಗಾದ ಮೇಲಂತೂ ಒಂದು ಗುಂಪಿಗೆ ಅವರು ವೀರ, ಇನ್ನೊಂದು ಗುಂಪಿಗೆ ಅಪಾಯ. ನಡುವೆ ನಿಂತು ಮಾತಾಡೋರು ಕಡಿಮೆ.

ಮೊದಲು ಅಂಕಿಗಳನ್ನು ಮುಗಿಸಿಬಿಡ್ತೇನೆ. ವಯನಾಡು ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿ 2014ರಲ್ಲಿ ಪಡೆದದ್ದು ಸುಮಾರು 80 ಸಾವಿರ ಮತ. 2019ರಲ್ಲಿ ಎನ್‌ಡಿಎ ಪರವಾಗಿ ನಿಂತ ಬಿಡಿಜೆಎಸ್‌ನ ತುಷಾರ್ ವೆಳ್ಳಾಪ್ಪಳ್ಳಿಗೆ 78,816. 2024ರಲ್ಲಿ ಸುರೇಂದ್ರನ್‌ಗೆ 1,41,045, ಅಂದರೆ ಶೇ. 13ರ ಆಸುಪಾಸು. ಗೆದ್ದ ರಾಹುಲ್ ಗಾಂಧಿಗೆ 6,47,445, ಎರಡನೇ ಸ್ಥಾನದ ಸಿಪಿಐನ ಆನಿ ರಾಜಾಗೆ 2,83,023. ಅದೇ ವರ್ಷ ನವೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯ ನವ್ಯಾ ಹರಿದಾಸ್‌ಗೆ 1,09,939. ಪ್ರಿಯಾಂಕಾ ಗಾಂಧಿ ನಾಲ್ಕು ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು.

ಈ ಅಂಕಿ ನೋಡಿ ‘ಬಿಜೆಪಿ ಬೆಳೆಯಿತು’ ಅಂತ ಬರೆದವರಿದ್ದಾರೆ, ‘ವಯನಾಡು ತಿರಸ್ಕರಿಸಿತು’ ಅಂತ ಬರೆದವರೂ ಇದ್ದಾರೆ. ಎರಡನ್ನೂ ಹೇಳಬಹುದು, ಅಂಕಿ ಸುಮ್ಮನಿರತ್ತೆ. ಇನ್ನೊಂದು ತೊಡಕೂ ಇದೆ. ವಯನಾಡು ಲೋಕಸಭಾ ಕ್ಷೇತ್ರ ಅಂದರೆ ವಯನಾಡು ಜಿಲ್ಲೆ ಅಲ್ಲ. ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಮೂರು ಮಾತ್ರ ನಮ್ಮ ಜಿಲ್ಲೆಯವು: ಕಲ್ಪೆಟ್ಟ, ಮಾನಂತವಾಡಿ, ಸುಲ್ತಾನ್ ಬತ್ತೇರಿ. ಒಂದು ಕೋಝಿಕ್ಕೋಡಿನದು, ಉಳಿದ ಮೂರು ಮಲಪ್ಪುರಂನವು. ಹಾಗಾಗಿ ‘ವಯನಾಡಿನ ಜನ ಏನಂದರು’ ಎಂದು ಈ ಮೊತ್ತದಿಂದ ತೀರ್ಮಾನ ಮಾಡೋದು, ಪಕ್ಕದ ಮನೆಯ ಅಡುಗೆ ರುಚಿ ನೋಡಿ ನಮ್ಮ ಮನೆ ಉಪ್ಪಿನ ಲೆಕ್ಕ ಹೇಳಿದ ಹಾಗೆ.

ಪ್ರಭಾವ ಅನ್ನೋದನ್ನು ಮತದಲ್ಲಿ ಹುಡುಕಿದರೆ ಸಿಗೋದಿಲ್ಲ ಅನ್ನೋದಕ್ಕೆ ನನಗೆ ಸಿಕ್ಕಿದ ಒಳ್ಳೆಯ ಸಾಕ್ಷಿ ಬಾವುಟ. 2019ರಲ್ಲಿ ರಾಹುಲ್ ಗಾಂಧಿ ಇಲ್ಲಿ ನಾಮಪತ್ರ ಸಲ್ಲಿಸಿದಾಗ ಮೆರವಣಿಗೆಯಲ್ಲಿ ಮುಸ್ಲಿಂ ಲೀಗಿನ ಹಸಿರು ಬಾವುಟಗಳಿದ್ದವು. ಇದು ಭಾರತವೋ ಪಾಕಿಸ್ತಾನವೋ ಎಂಬ ಅರ್ಥದ ಮಾತನ್ನು ಅಮಿತ್ ಶಾ ನಾಗಪುರದ ಸಭೆಯಲ್ಲಿ ಆಡಿದರು. ಐದು ವರ್ಷ ಕಳೆದು 2024ರ ಏಪ್ರಿಲ್‌ನಲ್ಲಿ ಕಲ್ಪೆಟ್ಟದಲ್ಲಿ ಮತ್ತೆ ರೋಡ್ ಶೋ ನಡೆಯಿತು. ಈ ಸಲ ಲೀಗಿನ ಬಾವುಟವೂ ಇಲ್ಲ, ಕಾಂಗ್ರೆಸ್ಸಿನದೂ ಇಲ್ಲ. ಬಿಜೆಪಿಗೆ ಹೆದರಿ ಹೀಗೆ ಮಾಡಿದರು ಎಂದು ಟೀಕಿಸಿದವರಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಕೂಡ ಇದ್ದರು. ಗಮನಿಸಿ, ಶೇ. 13 ಮತ ಪಡೆಯುವ ಪಕ್ಷ, ಶೇ. 60ರಷ್ಟು ಮತ ಪಡೆಯುವ ಪಕ್ಷ ಏನನ್ನು ಎತ್ತಿಹಿಡಿಯಬೇಕು, ಏನನ್ನು ಮಡಚಿಡಬೇಕು ಅನ್ನೋದನ್ನು ನಿರ್ಧರಿಸ್ತಿದೆ. ಇದಕ್ಕಿಂತ ದೊಡ್ಡ ಪ್ರಭಾವ ಯಾವುದು? ಸೋತವರು ಗೆದ್ದವರ ಭಾಷೆಯನ್ನು ತಿದ್ದಿದ್ದಾರೆ. ಸಾಹಿತ್ಯ ವಿಮರ್ಶೆಯಲ್ಲಿ ನಾವು ‘ಪಠ್ಯದ ಮೌನ’ ಅಂತೀವಲ್ಲ, ಆ ಬಾವುಟವಿಲ್ಲದ ಮೆರವಣಿಗೆ ಅಂಥ ಮೌನ.

ಈಗ ಹೆಸರಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕಂದ್ರೆ ಪ್ರಗತಿಪರರು ಅಂತ ಕರೆಸಿಕೊಳ್ಳುವ ನಮ್ಮಂಥವರು ಎಡವಿರೋದು ಇಲ್ಲೇ.

ಸುರೇಂದ್ರನ್ ಮಾತು ಬಂದ ಕೂಡಲೇ ಬಹಳ ಜನ ನಕ್ಕರು. ‘ಇಲ್ಲದ ಹೆಸರನ್ನು ಹುಟ್ಟಿಸ್ತಿದ್ದಾರೆ’ ಅಂದರು. ಆದರೆ ಗಣಪತಿವಟ್ಟಂ ಹುಟ್ಟಿಸಿದ ಹೆಸರಲ್ಲ. ಊರಲ್ಲಿ ಗಣಪತಿ ದೇವಸ್ಥಾನ ಇದೆ, ಹಳೆಯ ಹೆಸರಾಗಿ ಗಣಪತಿವಟ್ಟಂ ಅನ್ನೋದನ್ನು ಸ್ಥಳೀಯ ಚರಿತ್ರೆ ಬರೆದವರು ಮೊದಲಿಂದಲೂ ಹೇಳ್ತಾ ಬಂದಿದ್ದಾರೆ. ಇದನ್ನು ನಾವು ಕರ್ನಾಟಕದ ಇನ್ನೊಂದು ಪ್ರಕರಣದ ಜೊತೆ ಕಲಸಿಬಿಟ್ಟೆವು. 2023ರ ಚುನಾವಣೆಗೆ ಮುಂಚೆ ಟಿಪ್ಪುವನ್ನು ಕೊಂದವರು ಉರಿಗೌಡ-ನಂಜೇಗೌಡ ಎಂಬ ಒಕ್ಕಲಿಗ ವೀರರು ಎಂಬ ಕಥೆ ಹಬ್ಬಿತಲ್ಲ, ಅದು ಬೇರೆಯೇ ಜಾತಿಯ ಕಥನ. ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜಕನಸುಗಳು’ ನಾಟಕ 2022ರ ನವೆಂಬರಿನಲ್ಲಿ ಮೈಸೂರು ರಂಗಾಯಣದಲ್ಲಿ ರಂಗಕ್ಕೆ ಬಂದಮೇಲೆ ಆ ಎರಡು ಪಾತ್ರಗಳು ರಂಗದಿಂದ ಇಳಿದು ರಸ್ತೆಗೆ ಬಂದವು. ಮಂಡ್ಯದಲ್ಲಿ ಪ್ರಧಾನಿ ಬರುವ ದಾರಿಯ ದ್ವಾರಕ್ಕೆ ಅವರ ಹೆಸರು ಬಂತು, ಹೋಯಿತು. ಆಗ ಸಚಿವರಾಗಿದ್ದ ಮುನಿರತ್ನ ಸಿನಿಮಾ ಮಾಡ್ತೀನಿ ಅಂದರು, ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಕರೆದು ಮಾತಾಡಿದ ಮೇಲೆ ಕೈಬಿಟ್ಟರು. ಮೇ ತಿಂಗಳಲ್ಲಿ ಮಂಡ್ಯ ಜಿಲ್ಲೆಯಲ್ಲಿ ಬಿಜೆಪಿಗೆ ಒಂದು ಸೀಟೂ ಬರಲಿಲ್ಲ. ಕಥೆಯಿಂದಲೇ ಸೋತರು ಅಂತ ನಾನು ಹೇಳೋದಿಲ್ಲ, ಅಷ್ಟು ಸರಳ ಅಲ್ಲ. ಆದರೆ ಆ ಕಥೆಗೆ ಆಧಾರ ಎಲ್ಲಿದೆ ಅಂತ ಒಕ್ಕಲಿಗ ಸಮಾಜದ ಒಳಗಿನಿಂದಲೇ ಪ್ರಶ್ನೆ ಎದ್ದಿತು. ಅದೇ ಮುಖ್ಯ.

ಬತ್ತೇರಿಯಲ್ಲಿ ಹಾಗೆ ಆಗುವಂತಿಲ್ಲ. ಇಲ್ಲಿ ರಾಜಕಾರಣಿ ಸುಳ್ಳು ಹೇಳ್ತಿಲ್ಲ, ಪೂರ್ತಿ ಹೇಳ್ತಿಲ್ಲ. ಸುಳ್ಳಿಗೆ ‘ಸುಳ್ಳು’ ಅಂದರೆ ಮುಗಿಯಿತು. ಅರ್ಧ ನಿಜಕ್ಕೆ ಏನನ್ನೋದು?

ಉಳಿದರ್ಧವನ್ನು ಹೇಳೋ ಕೆಲಸ ಕನ್ನಡ ವಿದ್ಯಾರ್ಥಿಗಳದ್ದು ಅಂತ ನನಗನ್ನಿಸೋದು ಇದಕ್ಕೇ. ಆ ಊರಿಗೆ ಇನ್ನೊಂದು ಹಳೆಯ ಹೆಸರಿದೆ: ಹನ್ನೆರಡು ಬೀದಿ. ಅಚ್ಚ ಕನ್ನಡ. ಜೈನ ವರ್ತಕರು, ಗೌಡರು ಇದ್ದ ಕಾಲದ ಹೆಸರು. ಅವರ ಬಸದಿ ಈಗಲೂ ಪೇಟೆಯ ನಡುವೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಟಿಪ್ಪುವಿನ ಸೈನ್ಯ ಮದ್ದುಗುಂಡು ಇಟ್ಟಿದ್ದು ಅದೇ ಬಸದಿಯಲ್ಲಿ ಅಂತಾರೆ. ಅದರಿಂದ ಇಂಗ್ಲಿಷರ ಬಾಯಲ್ಲಿ ‘ಸುಲ್ತಾನ್ಸ್ ಬ್ಯಾಟರಿ’, ಆಮೇಲೆ ಮಲಯಾಳಂ ನಾಲಿಗೆಯಲ್ಲಿ ಬತ್ತೇರಿ. ನಮ್ಮ ಮಂಗಳೂರಿನ ಬೋಳೂರಿನಲ್ಲೂ ಒಂದು ಸುಲ್ತಾನ್ ಬತ್ತೇರಿ ಇದೆಯಲ್ಲ, ಅದೂ ಇದೇ ಪದ. ಅಂದರೆ ಟಿಪ್ಪು ತನ್ನ ಹೆಸರನ್ನು ಊರಿಗೆ ಇಟ್ಟುಕೊಂಡದ್ದಲ್ಲ, ಅವನನ್ನು ಸೋಲಿಸಿದ ಕಂಪನಿಯವರ ಸೇನಾ ಪದಕೋಶದಿಂದ ಬಂದ ಹೆಸರಿದು. ಈ ಕಡೆಯವರು ‘ಸುಲ್ತಾನನ ಹೆಮ್ಮೆ’ ಅಂತ ಕಾಪಾಡ್ತಿರೋದೂ, ಆ ಕಡೆಯವರು ‘ಸುಲ್ತಾನನ ದಬ್ಬಾಳಿಕೆ’ ಅಂತ ಅಳಿಸಹೊರಟಿರೋದೂ ಬ್ರಿಟಿಷರ ನಾಮಫಲಕವನ್ನೇ. ಜಿಲ್ಲೆಯ ಹೆಸರೇ ತಗೊಳ್ಳಿ, ಕನ್ನಡ ಶಾಸನಗಳಲ್ಲಿ ಇದು ‘ಬಯಲ್ನಾಡು’, ಕದಂಬರ ಒಂದು ಶಾಖೆ ಆಳಿದ ನಾಡು. ಹಾಗಂತ ಜಿಲ್ಲೆಗೆ ಆ ಹೆಸರಿಡಿ ಅಂತ ನಾನು ಧರಣಿ ಕೂರಬೇಕಾ?

ನಮ್ಮ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳಂ. ವಯನಾಡಿನಲ್ಲಿ ಇಂಥ ಮನೆಗಳು ಇನ್ನೂ ಇವೆ, ಮುಖ್ಯವಾಗಿ ಜೈನರವು. ಅಜ್ಜಿಗೆ ಈ ವಿವಾದ ಹೇಳಿದಾಗ, ‘ಹನ್ನೆರಡು ಬೀದಿ ಅಂತ ಹಳಬರು ಹೇಳ್ತಿದ್ರು, ಈಗ ಯಾರು ಕೇಳ್ತಾರೆ ಮಗಾ’ ಅಂದು ಅಡಿಕೆ ಕತ್ತರಿಸೋದು ಮುಂದುವರಿಸಿದರು. ಸಿಟ್ಟೂ ಇಲ್ಲ, ದುಃಖವೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗೋದು ‘ಬತ್ತೇರಿ, ಬತ್ತೇರಿ’. ಸುಲ್ತಾನನನ್ನು ಜನ ಯಾವತ್ತೋ ಇಳಿಸಿದ್ದಾರೆ, ಗಣಪತಿಯನ್ನು ಹತ್ತಿಸಿಕೊಂಡಿಲ್ಲ. ದಾಖಲೆಯಲ್ಲಿರೋ ಜಗಳ ನಾಲಿಗೆಯಲ್ಲಿಲ್ಲ.

ಆದರೆ ಇಷ್ಟಕ್ಕೇ ‘ಜನಸಾಮಾನ್ಯರು ಜಾಣರು, ಮರುಳಾಗೋದಿಲ್ಲ’ ಅಂತ ಸಮಾಧಾನ ಪಟ್ಟುಕೊಳ್ಳೋದು ನಮ್ಮ ವಿಮರ್ಶೆಯ ಹಳೇ ರೋಗ. ಅದರ ಇನ್ನೊಂದು ಮುಖ ‘ಜನ ಮರುಳೋ ಜಾತ್ರೆ ಮರುಳೋ’ ಅಂತ ಹಣೆ ಚಚ್ಚಿಕೊಳ್ಳೋದು. ಎರಡರಲ್ಲೂ ಜನ ಅನ್ನೋರು ಕೇಳಿಸಿಕೊಳ್ಳೋರು ಮಾತ್ರ. ಸುರೇಂದ್ರನ್‌ಗೆ ಮತ ಹಾಕಿದ 1,41,045 ಜನರಲ್ಲಿ ನನ್ನ ಜೊತೆ ಓದಿದವರಿದ್ದಾರೆ. ಒಬ್ಬಳು ನನಗೆ ನೇರವಾಗಿ ಹೇಳಿದಳು, ಹೆಸರು ಗಿಸರು ಅವಳಿಗೆ ಬೇಡವಂತೆ, ಅವಳ ಅಪ್ಪನ ಬಾಳೆ ತೋಟಕ್ಕೆ ಆನೆ ಬಂದಾಗ ಫೋನ್ ಎತ್ತಿದ್ದು ಅವರ ಪಕ್ಷದ ಹುಡುಗರಂತೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ರೇಡಿಯೋ ಕಾಲರ್ ಹಾಕಿ ಬಿಟ್ಟ ಬೇಲೂರು ಮಖ್ನಾ ಆನೆ ಮಾನಂತವಾಡಿಯ ಹತ್ತಿರ ಒಬ್ಬರನ್ನು ಅಂಗಳದಲ್ಲೇ ತುಳಿದು ಕೊಂದಿತು. ಕರ್ನಾಟಕ ಸರ್ಕಾರ 15 ಲಕ್ಷ ಪರಿಹಾರ ಘೋಷಿಸಿತು. ಕರ್ನಾಟಕದ ಬಿಜೆಪಿ ನಮ್ಮ ತೆರಿಗೆ ಹಣ ಅಲ್ಲಿಗೆ ಯಾಕೆ ಅಂತ ವಿರೋಧಿಸಿತು. ಕುಟುಂಬದವರು ಆ ಹಣವೇ ಬೇಡ ಅಂದರು. ಒಂದೇ ಪಕ್ಷ ಗಡಿಯ ಈಚೆ ಕಾಡುಪ್ರಾಣಿ ಸಂತ್ರಸ್ತರ ಪರ, ಆಚೆ ಪರಿಹಾರದ ವಿರುದ್ಧ. ಇದನ್ನು ನನ್ನ ಗೆಳತಿಗೆ ಹೇಳಿದೆ. ‘ಅದು ಅಲ್ಲಿಯವರ ರಾಜಕೀಯ, ಇಲ್ಲಿ ನಿಮ್ಮವರು ಫೋನ್ ಎತ್ತಿದ್ರಾ?’ ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ.

ಧ್ರುವೀಕರಣ ಅನ್ನೋ ಪದ ನಮ್ಮ ಸಂಶೋಧನಾ ಪ್ರಬಂಧಗಳಲ್ಲಿ ಧಾರಾಳವಾಗಿ ಬರತ್ತೆ. ಎರಡು ಧ್ರುವ, ಮಧ್ಯೆ ಏನೂ ಇಲ್ಲ. ವಯನಾಡಿನ ಚಿತ್ರ ಹಾಗಿಲ್ಲ. 2011ರ ಜನಗಣತಿಯಂತೆ ಇಲ್ಲಿ ಹಿಂದೂಗಳು ಅರ್ಧದಷ್ಟು, ಮುಸ್ಲಿಮರು ಶೇ. 28ಕ್ಕೂ ಹೆಚ್ಚು, ಕ್ರೈಸ್ತರು ಶೇ. 21ಕ್ಕೂ ಹೆಚ್ಚು, ಪರಿಶಿಷ್ಟ ಪಂಗಡದವರು ಶೇ. 18.5. 2003ರ ಮುತ್ತಂಗ ಭೂಹೋರಾಟವನ್ನು ಮುನ್ನಡೆಸಿದ ಸಿ.ಕೆ. ಜಾನು 2016ರಲ್ಲಿ ಇದೇ ಬತ್ತೇರಿಯಿಂದ ಎನ್‌ಡಿಎ ಅಭ್ಯರ್ಥಿಯಾಗಿ ನಿಂತರು, 2021ರಲ್ಲಿ ಮತ್ತೆ ನಿಂತರು, ಆಮೇಲೆ ಮೈತ್ರಿಯಿಂದ ಹೊರಬಂದರು. ಅವರನ್ನು ‘ಮಾರಿಕೊಂಡರು’ ಅಂತ ಬೈಯೋದು ಸುಲಭ. ಭೂಮಿ ಕೊಡ್ತೀವಿ ಅಂದು ಕೊಡದ ಎರಡೂ ರಂಗಗಳ ಬಾಗಿಲು ತಟ್ಟಿ ಸಾಕಾದವರು ಮೂರನೇ ಬಾಗಿಲಿಗೆ ಹೋದರು, ಅಲ್ಲೂ ಸಿಗಲಿಲ್ಲ ಅಂತ ಓದಿದರೆ ಪಠ್ಯ ಬೇರೆಯೇ ಆಗತ್ತೆ. ಅಡಿಯ, ಪಣಿಯ, ಕಾಟ್ಟುನಾಯ್ಕರ ಊರುಗಳಿಗೆ ಅವರ ಭಾಷೆಯಲ್ಲಿ ಯಾವ ಹೆಸರಿತ್ತು ಅಂತ ಈ ಇಡೀ ಚರ್ಚೆಯಲ್ಲಿ ಒಬ್ಬರಾದರೂ ಕೇಳಿದರಾ? ಸುರೇಂದ್ರನ್ ಕೇಳಲಿಲ್ಲ. ಅವರನ್ನು ಟೀಕಿಸಿದ ನಾವೂ ಕೇಳಲಿಲ್ಲ.

(ಚರ್ಚೆಯ ಅವಧಿಯಲ್ಲಿ ಮಂಜೇಶ್ವರದ ಕಡೆಯ ಒಬ್ಬ ಸಹಪಾಠಿ, ‘ನಮ್ಮಲ್ಲಿ ಕನ್ನಡದ ಪ್ರಶ್ನೆ ಆ ಪಕ್ಷಕ್ಕೆ ಬಲ ಕೊಟ್ಟಿದೆ, ನಿಮ್ಮಲ್ಲಿ ಯಾಕಿಲ್ಲ?’ ಎಂದು ಕೇಳಿದರು. ನಾನು ಕೊಟ್ಟ ಉತ್ತರವನ್ನು ಸ್ವಲ್ಪ ತಿದ್ದಿ ಇಲ್ಲಿ ಸೇರಿಸಿದ್ದೇನೆ.)

ಕಾಸರಗೋಡಿನಲ್ಲಿ ಕನ್ನಡಕ್ಕೆ ಶಾಲೆ ಇದೆ, ಅರ್ಜಿ ನಮೂನೆ ಇದೆ, ಕಳೆದುಕೊಳ್ಳುವ ಭಯ ಇದೆ. 2017ರಲ್ಲಿ ಮಲಯಾಳಂ ಕಡ್ಡಾಯ ಮಾಡಿದಾಗ ಬೀದಿಗಿಳಿಯೋಕೆ ಜನ ಇದ್ದರು. ಅಲ್ಲಿ ಭಾಷೆಯನ್ನು ಯಾವ ಪಕ್ಷವೂ ಬಿಟ್ಟುಕೊಡೋದಿಲ್ಲ. 2021ರಲ್ಲಿ ಸುರೇಂದ್ರನ್‌ರನ್ನು ಸೋಲಿಸಿದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ ವಿಧಾನಸಭೆಯಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ. ನಮ್ಮಲ್ಲಿ ಕನ್ನಡ ಅಡುಗೆಮನೆಯಲ್ಲಿದೆ, ಬಸದಿಯಲ್ಲಿದೆ, ಮತಪಟ್ಟಿಯಲ್ಲಿಲ್ಲ. ಯಾರ ಮತವನ್ನೂ ತಿರುಗಿಸಲಾರದ ಭಾಷೆಯ ಹೆಸರನ್ನು ಯಾವ ಅಭ್ಯರ್ಥಿಯೂ ಫಲಕಕ್ಕೆ ಏರಿಸೋದಿಲ್ಲ. ಹನ್ನೆರಡು ಬೀದಿಯಲ್ಲಿ ಈಗ ಎಷ್ಟು ಬೀದಿಗಳ ಹಳೇ ಹೆಸರು ಸಿಗತ್ತೆ ಅಂತ ಮುಂದಿನ ಸೆಮಿಸ್ಟರಿನಲ್ಲಿ ಮನೆ ಮನೆಗೆ ಹೋಗಿ ಬರೆದುಕೊಳ್ಳೋ ಯೋಚನೆ ಇದೆ. ಮಲಯಾಳಂ, ಪಣಿಯ ಭಾಷೆ ಬಲ್ಲವರು ಯಾರಾದರೂ ಜೊತೆಗೆ ಬರೋದಾದರೆ ದಯವಿಟ್ಟು ಚಾಟ್‌ನಲ್ಲಿ ಹೆಸರು ಹಾಕಿ.